ಒಂದೂವರೆ ಪಟ್ಟು ವೇಗದ ವಿಮರ್ಶೆ

ಸಂಗೀತದ ವಿಷಯದಲ್ಲಿ ನನ್ನ ಕಿವಿ ಮೋಸ ಹೋಗುವುದಿಲ್ಲ ಎಂದು ಶಿರಸಿಯಲ್ಲಿ ಎಲ್ಲರೂ ಒಪ್ಪುತ್ತಾರೆ. ಎಲ್ಲರೂ ಎಂದರೆ ನಾನು ಮತ್ತು ನಮ್ಮ ವಾರಪತ್ರಿಕೆಯ ಸಂಪಾದಕರು. ಹಗಲು ಬಟ್ಟೆ ಅಂಗಡಿಯಲ್ಲಿ ಗಜಕೋಲು ಹಿಡಿಯುವ ನಾನು ಇಪ್ಪತ್ತು ವರ್ಷಗಳಿಂದ ಊರಿನ ಸಂಗೀತ ಬೈಠಕ್‌ಗಳ ವಿಮರ್ಶೆ ಬರೆಯುತ್ತಿದ್ದೇನೆ. ಯಾರೇ ಹಾಡಲಿ, ನನ್ನ ಕೊನೆಯ ಸಾಲು ಒಂದೇ: ‘ಒಟ್ಟಿನಲ್ಲಿ ಶ್ರೋತೃಗಳ ಸಂಜೆ ಸಾರ್ಥಕವಾಯಿತು.’

ಹೀಗಿರುವಾಗ ಸಂಪಾದಕರು ಫೋನ್ ಮಾಡಿದರು.

“ನಿಮ್ಮ ಮಗಳ ತಂಡದ ಆಲ್ಬಂ ಬಂದಿದೆಯಂತಲ್ಲ ಬಸಣ್ಣೋರೆ. ಪಾಪ್ ಪಂಕ್ ಅಂತೆ. ನೀವೇ ಬರೀರಿ.”

ಪಂಕ ಎಂದರೆ ಕೆಸರು ಎಂದು ನನಗೆ ಗೊತ್ತಿತ್ತು. ಅದರ ಹಿಂದೆ ಪಾಪವನ್ನೂ ಏಕೆ ಸೇರಿಸಿದರೋ ತಿಳಿಯಲಿಲ್ಲ! ಆದರೂ ಒಪ್ಪಿಕೊಂಡೆ. ನಿಷ್ಪಕ್ಷಪಾತವಾಗಿ ಬರೆಯುತ್ತೇನೆ ಎಂದೂ ಘೋಷಿಸಿದೆ.

ನಿಜ ಹೇಳಿಬಿಡುತ್ತೇನೆ. ನನಗೆ ಬೇಕಾಗಿದ್ದು ವಿಮರ್ಶೆಯಲ್ಲ, ಹಾಡಿನ ಬಗ್ಗೆ ಮಗಳು ಅಕ್ಷತಾಳ ಒಂದು ಫೋನ್. ನಾಲ್ಕು ವರ್ಷಗಳ ಹಿಂದೆ ಅವಳು ಗಿಟಾರ್ ತಂದಾಗ, “ಇದು ಸಂಗೀತ ಅಲ್ಲ, ಗಲಾಟೆ. ಈ ಮನೆಯೊಳಗೆ ಬೇಡ” ಎಂದಿದ್ದೆ. ಅವಳು ಜಗಳ ಆಡಲಿಲ್ಲ. ಗಿಟಾರನ್ನು ಯಲ್ಲಾಪುರದ ಗೆಳೆಯ ಸಲೀಂನ ಮನೆಯಲ್ಲಿಟ್ಟಳು. ಆಮೇಲೆ ಸಿದ್ದಾಪುರದಲ್ಲಿ ಲ್ಯಾಬ್ ಕೆಲಸ ಸಿಕ್ಕಿ ಅಲ್ಲೇ ರೂಮು ಮಾಡಿದಳು. ಫೋನ್ ಮಾಡುತ್ತಾಳೆ, ಎಲ್ಲ ಮಾತಾಡುತ್ತಾಳೆ. ಹಾಡಿನ ಸುದ್ದಿ ಮಾತ್ರ ಇಲ್ಲ. ಸ್ನಾನ ಮಾಡುವಾಗ ಅವಳು ಏನೋ ಗುನುಗುತ್ತಿದ್ದಳಲ್ಲ, ಅದನ್ನೇ ಕೇಳಿ ನಾಲ್ಕು ವರ್ಷವಾಯಿತು.

ಅಂಗಡಿಯ ಗಲ್ಲೆಯ ಮುಂದೆ ಕೂತು ಮೊಬೈಲಿನಲ್ಲಿ ಆಲ್ಬಂ ಹಾಕಿದೆ. ತಂಡದ ಹೆಸರು ‘ಜಿಗಣೆ’. ಅಕ್ಷತಾ ಹಾಡುವವಳು, ಸಲೀಂ ಡ್ರಮ್ಸ್, ಸಿದ್ದಾಪುರದ ದೀಪಾ ಎಂಬ ಹುಡುಗಿ ಬೇಸ್ ಗಿಟಾರ್. ಎಂಟು ಹಾಡು. ಅಬ್ಬಬ್ಬಾ! ಒಬ್ಬ ಗಿರಾಕಿ ಪಂಚೆ ಆರಿಸಿ ಮುಗಿಸುವುದರೊಳಗೆ ನಾಲ್ಕು ಹಾಡು ಮುಗಿದವು. ಒಂದು ಪದವಾದರೂ ಕೈಗೆ ಸಿಕ್ಕಿದ್ದರೆ ಕೇಳಿ.

ಬರೆದೆ: ‘ಗಾಯಕಿಯನ್ನು ಹುಚ್ಚುನಾಯಿ ಅಟ್ಟಿಸಿಕೊಂಡು ಬಂದಂತಿದೆ. ವಾದ್ಯದವರು ಕೊನೇ ಬಸ್ಸು ಹಿಡಿಯುವ ಆತುರದಲ್ಲಿದ್ದಾರೆ. ಯುವ ಕಲಾವಿದರು ವಿಳಂಬ ಲಯ ಎಂಬುದೊಂದಿದೆ ಎಂದು ಅರಿಯಬೇಕು.’

ಪತ್ರಿಕೆ ಬಂದ ದಿನ ನನ್ನ ಹೆಂಡತಿ ಗಿರಿಜಾ ಓದಿದಳು. ಅವಳು ಬನವಾಸಿ ಕಡೆಯವಳು. ಸಿಟ್ಟು ಬಂದರೆ ಮಾತು ಇನ್ನೂ ಪೂರ್ವಕ್ಕೆ, ಬಯಲುಸೀಮೆಯ ಕಡೆ ಹೋಗುತ್ತದೆ.

“ಏನ್ರಿ ಇದು? ಹೆತ್ತ ಮಗಳ ಹಿಂದ ನಾಯಿ ಬಿಟ್ಟೀರಲ್ರಿ!”

“ನಿಷ್ಪಕ್ಷಪಾತ...”

“ಅದನ್ನ ಹಾಕ್ಕೊಂಡು ಉಣ್ರಿ ಈಗ!”

ಹೋಗಲಿ ಎಂದು ಆಲ್ಬಂ ಕೆಳಗೆ ಕೇಳುಗರು ಬರೆದ ಕಾಮೆಂಟ್ ಓದಿದೆ. ಬೆಂಗಳೂರಿನ ಯಾರೋ ವಿಮರ್ಶಕಿ, ‘ಗಿಟಾರು ಒರಟು, ಮೂರನೇ ಹಾಡು ಉದ್ದವಾಯಿತು, ಆದರೆ ಸುಳ್ಳು ಹೇಳದ ದನಿ’ ಎಂದಿದ್ದಳು. ಯಾರೋ ‘ಕಾಲೇಜಿಗೆ ಹೋಗುವ ಬಸ್ಸಿನಲ್ಲಿ ದಿನಾ ಇದೇ’ ಎಂದಿದ್ದರು. ಬಹಳ ಜನ, ‘ಕೊನೇ ಹಾಡು ಕೇಳಿ ಅತ್ತೆ’ ಎಂದು ಬರೆದಿದ್ದರು. ನನಗೆ ಆಶ್ಚರ್ಯ. ಅಳುವುದಕ್ಕೆ ಪುರಸೊತ್ತೆಲ್ಲಿತ್ತು?

ಮಾರನೇ ದಿನ ಸಲೀಂನ ತಂದೆ ಹನೀಫ್ ಸಾಹೇಬರು ಅಂಗಡಿಗೆ ಬಂದರು. ಲಾರಿ ಡ್ರೈವರು, ಘಟ್ಟ ಇಳಿದು ಹತ್ತಿ ಜೀವನ ಕಳೆದವರು. ಕೈಯಲ್ಲಿ ನಮ್ಮ ಪತ್ರಿಕೆ ಇತ್ತು.

“ಬಸಣ್ಣ, ಬೇಜಾರು ಮಾಡ್ಕೋಬೇಡಿ. ನಾನು ಲಾರೀಲಿ ದಿನಾ ಇದನ್ನೇ ಹಾಕ್ತೀನಿ. ನೀವು ಬರೆದಷ್ಟು ಸ್ಪೀಡ್ ಇಲ್ಲ ಮಾರಾಯ್ರೆ. ಎಲ್ಲಿ, ನಿಮ್ಮ ಮೊಬೈಲ್ ಕೊಡಿ.”

ಕೊಟ್ಟೆ. ಒಂದು ಕ್ಷಣ ನೋಡಿದರು. ಆಮೇಲೆ ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡು ನಗತೊಡಗಿದರು.

“ಅಣ್ಣಾ, ಇದು ಒಂದೂವರೆ ಪಟ್ಟು ವೇಗದಲ್ಲಿದೆ!”

ಬೇಗ ಮುಗಿಯಲಿ ಎಂದು ಪ್ರವಚನಗಳನ್ನು ನಾನು ಹಾಗೆ ಕೇಳುವುದುಂಟು. ಅದೇ ವೇಗದಲ್ಲಿ ಮಗಳನ್ನೂ ಕೇಳಿದ್ದೆ! ನಾಯಿ ಬಿಟ್ಟವನು ನಾನೇ!

ಸಾಹೇಬರು ವೇಗ ಸರಿಮಾಡಿ ಕೊನೆಯ ಹಾಡು ಹಾಕಿದರು. ಆಗಲೂ ಅದು ಜೋರೇ. ಆದರೆ ಮಾತು ಕೇಳಿಸಿತು. “ಕದ ಹಾಕಿದೆ ನೀನು, ಹೊರಗೆ ನಿಂತೆ ನಾನು, ಇಷ್ಟು ಜೋರು ಕೂಗಿದ್ದು ಒಳಗೆ ಕೇಳಲಿ ಅಂತ...”

ಸಾಹೇಬರು ಸೀರೆಯ ರಾಶಿ ನೋಡುತ್ತ ನಿಂತರು. ನಾನು ಅಳತೆ ಪಟ್ಟಿಯನ್ನು ಸುತ್ತಿದೆ, ಬಿಚ್ಚಿದೆ, ಮತ್ತೆ ಸುತ್ತಿದೆ.

“ಮತ್ತೊಂದು ಸಲ ಹಾಕ್ಲಾ?” ಎಂದರು. ತಲೆ ಆಡಿಸಿದೆ. ಐದು ಸಲ ಹಾಕಿದರು.

ಇಷ್ಟಾದ ಮೇಲೆ ಮರ್ಯಾದಸ್ಥ ಮನುಷ್ಯ ಮಗಳಿಗೆ ಫೋನ್ ಮಾಡಿ ತಪ್ಪಾಯಿತು ಎನ್ನಬೇಕು. ನಾನು ಹಾಗೆ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಏಳು ಗಂಟೆಗೆ ಕೂತು ‘ಸುಮಾ, ಹುಬ್ಬಳ್ಳಿ’, ‘ರಾಕ್‌ಪ್ರಿಯ ರಾಮು’, ‘ಜಿಗಣೆ ಅಭಿಮಾನಿ’ ಎಂದು ಮೂರು ಖಾತೆ ತೆರೆದು ಆಲ್ಬಮ್ಮನ್ನು ಹಾಡಿ ಹೊಗಳಿದೆ. ಮೂವರ ಫೋಟೋದ ಜಾಗದಲ್ಲೂ ನಮ್ಮ ಅಂಗಡಿಯ ಸೀರೆ.

ಎಂಟು ಗಂಟೆಗೆ ಫೋನ್ ಬಂತು. ಅಕ್ಷತಾ!

“ಅಪ್ಪಾ, ಸುಮಾ ಹುಬ್ಬಳ್ಳಿ ಯಾರು?”

“ಯಾರೋ... ಕೇಳುಗರು ಇರ್ಬೇಕು.”

“ಬೆಳಿಗ್ಗೆ ಏಳು ಗಂಟೆಗೆ ಮೂರು ಜನರ ಸಂಜೆ ಸಾರ್ಥಕ ಆಗಿದೆಯಲ್ಲ ಅಪ್ಪಾ!”

ಹಿಂದಿನಿಂದ ಮತ್ತೊಂದು ಹುಡುಗಿ, ದೀಪಾ ಇರಬೇಕು, ನಗುವುದೂ ಕೇಳಿಸಿತು. ನಗು ನಿಂತ ಮೇಲೆ ಮಗಳು ಮೆಲ್ಲಗೆ ಕೇಳಿದಳು: “ಕೊನೇದು ಕೇಳಿದ್ಯಾ?”

“ಹೂಂ.”

“ಭಾನುವಾರ ಯಲ್ಲಾಪುರದಲ್ಲಿ ಪ್ರಾಕ್ಟೀಸ್ ಇದೆ. ಅಮ್ಮನ ಜೊತೆ ಬಾ.”

ಹೋದೆವು. ಹನೀಫ್ ಸಾಹೇಬರ ಲಾರಿ ಶೆಡ್ಡು. ನಾನು ಬೈಠಕ್ಕಿಗೆ ಹೋಗುವಾಗಿನ ರೇಷ್ಮೆ ಶಲ್ಯ ಹೊದ್ದುಕೊಂಡಿದ್ದೆ. ಕೂರಿಸಿದ್ದು ಟೈರಿನ ಮೇಲೆ. ತಗಡಿನ ಮಾಡು ನಡುಗುವ ಹಾಗೆ ಬಾರಿಸಿದರು. ಅಕ್ಷತಾ ಕಣ್ಣು ಮುಚ್ಚಿ ಹಾಡಿದಳು. ಕುತ್ತಿಗೆಯ ನರ ಉಬ್ಬಿತ್ತು. ಯಾವಾಗ ಇಷ್ಟು ದೊಡ್ಡವಳಾದಳು? ನಾನೆಲ್ಲಿದ್ದೆ?

ಹಾಡು ಮುಗಿಸಿ, ಬೆವರು ಒರೆಸಿಕೊಳ್ಳುತ್ತ ನೇರ ನನ್ನ ಹತ್ತಿರ ಬಂದಳು.

“ಹೆಂಗಿತ್ತು ಅಪ್ಪಾ?”

ನಾಲ್ಕು ವರ್ಷ ಕಾದಿದ್ದ ಪ್ರಶ್ನೆ! ಉತ್ತರವನ್ನು ದಾರಿಯುದ್ದಕ್ಕೂ ಬಾಯಿಪಾಠ ಮಾಡಿಕೊಂಡಿದ್ದೆ. ಶಲ್ಯ ಸರಿಮಾಡಿಕೊಂಡೆ. ಕೊನೆಗೆ ಹೊರಬಿದ್ದದ್ದು ಇಷ್ಟು:

“ಶೆಡ್ಡಲ್ಲಿ ಸೆಕೆ ಜಾಸ್ತಿ. ಒಂದು ಫ್ಯಾನ್ ಹಾಕಿಸ್ಬೇಕು.”

ಅಷ್ಟರಲ್ಲಿ ಹನೀಫ್ ಸಾಹೇಬರು “ವಾಹ್, ಬೇಟಿ!” ಎಂದು ಅವಳ ತಲೆ ಸವರಿದರು. ಎರಡೇ ಶಬ್ದ. ಪೂರ್ತಿ ವಿಮರ್ಶೆ!

ವಾಪಸ್ ಬಸ್ಸಿನಲ್ಲಿ ಗಿರಿಜಾ ಕಿಟಕಿಯ ಕಡೆ ತಿರುಗಿ ಕೂತಳು. ನಾನು ಮೊಬೈಲಿನಲ್ಲಿ ಬರೆದೆ, ಅಳಿಸಿದೆ, ಬರೆದೆ. ಶಿರಸಿಯಲ್ಲಿ ಇಳಿಯುತ್ತಲೇ ಗಟ್ಟಿ ಮನಸ್ಸು ಮಾಡಿ ಕಳಿಸಿಬಿಟ್ಟೆ: ‘ಕಂದಾ, ನಿನ್ನ ದನಿ ಕೇಳಿ ಕಣ್ಣು ತುಂಬಿತು. ಮನೆಗೆ ಬಂದು ಹಾಡು.’

ಕೂಡಲೇ ಉತ್ತರ ಬಂತು. ಸಂಪಾದಕರಿಂದ!

‘ಬಸಣ್ಣೋರೆ, ನಾನು ಯಾವಾಗ ಹಾಡಿದೆ? ಆರೋಗ್ಯ ತಾನೆ?’

ಗಡಿಬಿಡಿಯಲ್ಲಿ ನನ್ನ ಮೆಸೇಜನ್ನು ಮಗಳಿಗೆ ಫಾರ್ವರ್ಡ್ ಮಾಡಿದೆ. ಸಂಪಾದಕರ ಉತ್ತರವೂ ಜೊತೆಗೇ ಹೋಯಿತು. ಓದಿದಳು ಎನ್ನುವ ಎರಡು ನೀಲಿ ಟಿಕ್ ಮೂಡಿದವು. ಏನೋ ಬರೆಯುತ್ತಿದ್ದಾಳೆ ಎಂದು ಮೇಲೆ ತೋರಿಸಿತು. ನಿಂತಿತು. ಮತ್ತೆ ತೋರಿಸಿತು.

“ಆಟೋ ಬಂತು, ಬರ್ರಿ!” ಎಂದು ಗಿರಿಜಾ ಮೂರನೇ ಸಲ ಕೂಗಿದಳು. ನಾನು ಬಸ್ ಸ್ಟ್ಯಾಂಡಿನ ನಟ್ಟನಡುವೆ, ರೇಷ್ಮೆ ಶಲ್ಯದಲ್ಲಿ, ಮೊಬೈಲನ್ನು ಆರತಿ ತಟ್ಟೆಯಂತೆ ಹಿಡಿದು ನಿಂತಿದ್ದೆ.