ಮತ್ತೊಂದು ವರ್ಷದ ಕರಾರು

ಬಹರೈನಿನಲ್ಲಿ ವರ್ಷಕ್ಕೊಮ್ಮೆ ನಮ್ಮ ಬಾಡಿಗೆ ಕರಾರು ಮುಗಿಯುತ್ತಿತ್ತು. ಅದರ ಜೊತೆಗೇ ಏನಾದರೊಂದು ಫಜೀತಿಯೂ ತಪ್ಪದೆ ಬರುತ್ತಿತ್ತು. ಎಪ್ಪತ್ತರ ದಶಕದ ಕೊನೆಯ ಮಾತು. ನಾನು ಸಿತ್ರಾದ ಒಂದು ಕಾರ್ಖಾನೆಯಲ್ಲಿ ಫಿಟ್ಟರ್. ಕಂಪೆನಿ ಕೊಡುತ್ತಿದ್ದದ್ದು ಒಂಟಿ ಗಂಡಸಿಗೆ ಒಂದು ಮಂಚ. ಹೆಂಡತಿ, ಮಗಳನ್ನು ಉಡುಪಿಯಿಂದ ಕರೆಸಿಕೊಂಡ ನಾನು ಮನಾಮಾದಲ್ಲಿ ಸ್ವಂತ ಹೆಸರಿನಲ್ಲಿ ಮನೆ ಹಿಡಿದಿದ್ದೆ. ಕರಾರು ಮುಂದುವರಿದರೆ ಅವರ ವೀಸಾ ಮುಂದುವರಿಯುತ್ತದೆ, ಇಲ್ಲದಿದ್ದರೆ ಇಬ್ಬರೂ ಊರಿಗೆ. ನಮ್ಮ ಫಿಟ್ಟರುಗಳಲ್ಲಿ ಸಂಸಾರ ಇಟ್ಟವನು ನಾನೊಬ್ಬನೇ. ಆ ಜಂಬ ನನಗೆ ಇವತ್ತಿಗೂ ಉಂಟು.

ಮಾಲೀಕರು ಕೆಳಗಿನ ಮನೆಯಲ್ಲೇ ಇದ್ದ ಮುದುಕರು. ಹಜ್ ಮಾಡಿ ಬಂದವರಾದ್ದರಿಂದ ಎಲ್ಲರಿಗೂ ಹಾಜಿಯವರು. ಪ್ರಾಯದಲ್ಲಿ ಬೊಂಬಾಯಿಯಲ್ಲಿ ಮುತ್ತಿನ ವ್ಯಾಪಾರ ಮಾಡಿದ್ದರು, ಅವರ ಹಿಂದಿ ನನ್ನದಕ್ಕಿಂತ ಚೆನ್ನಾಗಿತ್ತು.

ಕಾಫಿ

ಮೊದಲ ಸಲ ಕರಾರು ಮುಂದುವರಿಸಲು ಹೋದಾಗ ಹಾಜಿಯವರು ಕೂರಿಸಿ, ಹಿಡಿಯಿಲ್ಲದ ಪುಟ್ಟ ಕಪ್ಪಿಗೆ ಕಾಫಿ ಹೊಯ್ದರು. ಕುಡಿದೆ. ಮತ್ತೆ ಹೊಯ್ದರು. ಹಿರಿಯರು ಕೊಟ್ಟದ್ದನ್ನು ಬೇಡ ಅನ್ನುವುದು ನಮ್ಮ ಕಡೆ ಮರ್ಯಾದೆಯಲ್ಲ, ಅದನ್ನೂ ಕುಡಿದೆ. ಸಾಕಾದವನು ಕಪ್ಪನ್ನು ಅಲ್ಲಾಡಿಸಿ ಕೊಡಬೇಕು, ಅಲ್ಲಿಯವರೆಗೆ ಹೊಯ್ಯುತ್ತಲೇ ಇರುವುದು ಅವರ ಮರ್ಯಾದೆ ಅಂತ ನನಗೆ ಹೇಳಿದವರು ಯಾರು? ಇಬ್ಬರೂ ಮರ್ಯಾದಸ್ಥರು, ಯಾರೂ ಸೋಲಲಿಲ್ಲ. ಒಂದು ಹೂಜಿ ಖಾಲಿಯಾಗಿ ಇನ್ನೊಂದು ಬಂತು. ಅದರ ತಳವೂ ಕಂಡಾಗ ಹಾಜಿಯವರು ಕರಾರನ್ನು ಎಳೆದುಕೊಂಡು ಓದದೆಯೇ ಸಹಿ ಹಾಕಿದರು.

"ಮುಂದಿನ ವರ್ಷ ಕಾಗದ ನಾನೇ ಮೇಲೆ ತರ್ತೇನೆ. ನೀವು ಬರುವುದು ಬೇಡ."

ಕಾರ್ಖಾನೆ

ಹೇಳಿದ ಹಾಗೆ ಮರುವರ್ಷ ಅವರೇ ಬಂದರು. ಆದರೆ ಕೈಯಲ್ಲಿ ಕಾಗದವಿರಲಿಲ್ಲ, ಜೊತೆಗೆ ಸಾಕ್ಷಿಗೆಂದು ಒಬ್ಬ ನೆಂಟರಿದ್ದರು. ಕರಾರಿನ ಪ್ರಕಾರ ಇದು ವಾಸದ ಮನೆ. ನಾನು ಒಳಗೆ ಯಂತ್ರ ಇಟ್ಟು ಕಾರ್ಖಾನೆ ನಡೆಸುತ್ತಿದ್ದೇನಂತೆ, ಅದರ ಗುಡುಗು ತಮ್ಮ ಹೆಂಡತಿಗೆ ಬೆಳಬೆಳಿಗ್ಗೆ ಕೇಳುತ್ತದಂತೆ. ಇಲ್ಲವೆಂದರೂ ನಂಬದೆ ಇಬ್ಬರೂ ಸೀದಾ ಅಡುಗೆಮನೆಗೆ ನುಗ್ಗಿದರು. ಅಲ್ಲಿ ನನ್ನ ಹೆಂಡತಿ ಊರಿನಿಂದ ವಿಮಾನದಲ್ಲಿ ತಂದ ಕಡೆಯುವ ಕಲ್ಲಿನಲ್ಲಿ ದೋಸೆಗೆ ಉದ್ದು ಕಡೆಯುತ್ತಿದ್ದಳು. ಹಾಜಿಯವರು ಕಲ್ಲಿಗೆ ಒಂದು ಸುತ್ತು ಬಂದು, ಬಗ್ಗಿ ಹಿಂದೆಯೂ ನೋಡಿ, ಮೋಟಾರು ಎಲ್ಲಿ ಅಂತ ಕೇಳಿದರು.

ಅವಳು ಕೈ ನಿಲ್ಲಿಸಲಿಲ್ಲ. "ಮೋಟಾರು ನಾನೇ. ಸ್ವಲ್ಪ ಆಚೆ ನಿಲ್ಲಿ, ಹಿಟ್ಟು ಹಾರ್ತದೆ."

ಮಾರನೆಯ ದಿನ ಅದೇ ಹಿಟ್ಟಿನ ದೋಸೆ ತಿಂದು ಹಾಜಿಯವರು ಸಹಿ ಹಾಕಿದರು. ಸಾಕ್ಷಿಗೆ ಬಂದ ನೆಂಟರನ್ನು ತಟ್ಟೆಯ ಮುಂದಿನಿಂದ ಎಬ್ಬಿಸುವುದೇ ಕಷ್ಟವಾಯಿತು.

ಹೊಗಳಿಕೆ

ಮೂರನೆಯ ವರ್ಷ ಹಾಜಿಯವರು ಖಡಾಖಂಡಿತವಾಗಿ ಆಗುವುದಿಲ್ಲ ಅಂದರು. ಮಗನ ಮದುವೆ ಗೊತ್ತಾಗಿತ್ತು, ಹೊಸ ಜೋಡಿಗೆ ಮೇಲಿನ ಮನೆ ಬೇಕಿತ್ತು. ನನ್ನ ಜಂಬವೆಲ್ಲ ಇಳಿದುಹೋಯಿತು. ಮಗಳ ಪುಸ್ತಕಗಳು ಪೆಟ್ಟಿಗೆ ಸೇರುವುದನ್ನು ನೋಡಿ ನನಗೆ ಊಟ ಸೇರಲಿಲ್ಲ.

ಅಷ್ಟರಲ್ಲಿ ಮದುವೆ ಹುಡುಗಿಯ ತಾಯಿ ಮನೆ ನೋಡಲು ಬರುತ್ತಾರೆಂದು ತಿಳಿಯಿತು. ಅವರೂ ಬೊಂಬಾಯಿಯಲ್ಲಿ ಬೆಳೆದು ಹಿಂದಿ ಬಲ್ಲವರು. ಬಚ್ಚಲು ಸೋರುವುದನ್ನು ಒಂದು ಮಾತು ಅವರ ಕಿವಿಗೆ ಹಾಕು ಅಂತ ಹೆಂಡತಿಗೆ ಹೇಳಿಕೊಟ್ಟೆ. ಅವಳಿಗೆ ಸಿಟ್ಟು ಬಂತು. ಮೂರು ವರ್ಷ ಉಂಡು ಮಲಗಿದ ಮನೆಯನ್ನು ದೂರುವವಳು ತಾನಲ್ಲ ಅಂದಳು.

ದೂರಲೂ ಇಲ್ಲ. ಚಹಾ ಕೊಟ್ಟು ಮನೆಯನ್ನು ಹೊಗಳತೊಡಗಿದಳು. ನಾನು ತಲೆಗೆ ಕೈಹೊತ್ತು ಕೂತೆ. ಗಾಳಿ, ಬೆಳಕು, ನೀರು ಎಲ್ಲ ಮುಗಿದ ಮೇಲೆ ಹಾಜಿಯವರ ಹೆಂಡತಿಯ ಸರದಿ ಬಂತು.

"ಕೆಳಗಿನ ಅಮ್ಮನಿಗೆ ನಮ್ಮ ಮೇಲೆ ಬಹಳ ಕಾಳಜಿ. ನಾವು ಏಳುವುದು ತಡವಾದರೆ ಅವರೇ ಬಂದು ಬಾಗಿಲು ಬಡೀತಾರೆ. ಗಂಡ ಹೆಂಡತಿ ಜೋರು ಮಾತಾಡಿದರೆ ಮೇಲೆ ಬಂದು ನ್ಯಾಯ ಹೇಳ್ತಾರೆ. ಸಾರು ಹೇಗೆ ಮಾಡಬೇಕೆಂದು ದಿನಾ ಹೇಳಿಕೊಡ್ತಾರೆ. ನಿಮ್ಮ ಮಗಳನ್ನು ಒಂದು ಗಳಿಗೆ ಒಂಟಿ ಬಿಡಲಿಕ್ಕಿಲ್ಲ, ನೀವು ಧೈರ್ಯವಾಗಿರಿ."

ಹುಡುಗಿಯ ತಾಯಿ ಅರ್ಧ ಚಹಾ ಬಿಟ್ಟು ಎದ್ದರು.

ವಾರದೊಳಗೆ ಬೀಗರ ಕಡೆಯಿಂದ ಸುದ್ದಿ ಬಂತು: ಮನೆ ಬಹಳ ಚೆನ್ನಾಗಿದೆ, ಆದರೆ ಹುಡುಗಿಗೆ ತವರೂರು ಮುಹರ್ರಕ್ಕಿನಲ್ಲೇ ಮನೆ ಆಗಬೇಕು. ಹಾಜಿಯವರು ಕಾಗದ ಹಿಡಿದು ಮೇಲೆ ಬಂದು, ಆ ಹೆಂಗಸಿಗೆ ಏನು ಹೇಳಿದೆಯಮ್ಮ ಅಂತ ಕೇಳಿದರು. ನನ್ನ ಹೆಂಡತಿ ಒಂದು ಅಕ್ಷರ ಬಿಡದೆ ಎಲ್ಲವನ್ನೂ ಮತ್ತೆ ಹೇಳಿದಳು. ಹೆದರಿಕೆಯಲ್ಲಿ ನಾನು ಬೆವತುಹೋಗಿದ್ದೆ, ಆದರೂ ಅಂಥ ಹೆಂಡತಿಯ ಗಂಡನೆಂದು ಎದೆಯುಬ್ಬಿತ್ತು.

ಹಾಜಿಯವರು ಪೂರ್ತಿ ಕೇಳಿ, ಒಂದು ವರ್ಷ ಎಂದಿದ್ದದ್ದನ್ನು ಹೊಡೆದು ಎರಡು ಅಂತ ಬರೆದು ಸಹಿ ಹಾಕಿದರು. ಆಮೇಲೆ ಮೆಟ್ಟಿಲ ಕಡೆ ಒಮ್ಮೆ ನೋಡಿ, ದನಿ ತಗ್ಗಿಸಿ ಹೇಳಿದರು:

"ನನ್ನ ಮದುವೆಗೆ ಮೊದಲು ಇಷ್ಟು ವಿವರವಾಗಿ ಹೇಳುವವರು ನನಗೆ ಯಾರೂ ಸಿಗಲಿಲ್ಲ."