ಲಿಫ್ಟಿನೊಳಗಿನ ಕಾಣದ ತೂಕ

ಬೆಳಿಗ್ಗೆ ಹೊರಡುವಾಗ ಹೆಂಡತಿ ಏನೋ ಹೇಳಿದಳು. ಭೌತಶಾಸ್ತ್ರದ ಹಂಗಾಮಿ ಮೇಷ್ಟ್ರು ‘ಹ್ಞೂಂ’ ಎಂದು ಚೀಲ ಹೆಗಲಿಗೇರಿಸಿದರು. ಕಿವಿ ಮನೆಯಲ್ಲಿದ್ದರೂ ತಲೆ ಹನ್ನೊಂದು ಗಂಟೆಯ ಉಪನ್ಯಾಸದಲ್ಲಿತ್ತು. ವಿಷಯ, ವಿಶ್ವದ ಕಾಣದ ದ್ರವ್ಯ. ಪ್ರಿನ್ಸಿಪಾಲರು ಮೆಚ್ಚಿದರೆ ಒಂಬತ್ತು ವರ್ಷದ ಹಂಗಾಮಿ ಕೆಲಸ ಕಾಯಂ ಆಗುವುದಿತ್ತು. ಚೀಲ ಹೆಗಲು ಕಿತ್ತು ಬರುವಷ್ಟು ಭಾರವಾಗಿತ್ತು. ಟಿಪ್ಪಣಿ ಸ್ವಲ್ಪ ಹೆಚ್ಚೇ ಬರೆದೆನೇನೋ ಎಂದುಕೊಂಡರು.

ಕಾಲೇಜಿನ ಲಿಫ್ಟು ಆರು ಜನರದ್ದು. ದಿನವೂ ಅದೇ ಆರು ಜನ, ಅದೇ ಹೊತ್ತಿಗೆ, ಎಂಟನೇ ಮಹಡಿಗೆ. ಮೇಷ್ಟ್ರು ಚೀಲವನ್ನು ಲೈಬ್ರರಿಯಮ್ಮನ ಹಿಂದಿನ ಮೂಲೆಗಿಟ್ಟು ಉಸಿರು ಬಿಟ್ಟರು. ಲಿಫ್ಟು ಕದಲಲಿಲ್ಲ. ತೂಕ ಹೆಚ್ಚಾಯಿತೆಂದು ಕೀಂ ಎಂದು ಕೂಗತೊಡಗಿತು.

“ಯಾರೋ ದಪ್ಪ ಆಗಿದ್ದಾರೆ,” ಎಂದರು ಲೈಬ್ರರಿಯಮ್ಮ, ಟೈಪಿಸ್ಟನ ಹೊಟ್ಟೆಯನ್ನೇ ನೋಡುತ್ತ.

“ನಾನು ವಾರದಿಂದ ರಾತ್ರಿ ಊಟಾನೇ ಬಿಟ್ಟಿದ್ದೀನಿ,” ಎಂದ ಟೈಪಿಸ್ಟ್. “ಮೊದ್ಲು ನಿಮ್ಮ ಕೊಡೆ ಆಚೆ ಇಡಿ.”

ಕೊಡೆ, ಎಲ್ಲರ ಶೂ, ಗುಮಾಸ್ತರ ಊಟದ ಡಬ್ಬಿ ಆಚೆ ಬಂದವು. ಕೂಗು ನಿಲ್ಲಲಿಲ್ಲ, ಎಲ್ಲವೂ ಮತ್ತೆ ಒಳಗೆ ಹೋದವು.

“ನಿನ್ನೆ ಆರು ಜನ, ಇವತ್ತೂ ಆರು ಜನ. ಹೆಚ್ಚಿನ ತೂಕ ಎಲ್ಲಿಂದ ಬಂತು?” ಎಂದರು ಗಣಿತದವರು.

ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದುಂಟೆ? “ಇದೇ ಸಾರ್ ನನ್ನ ವಿಷಯ. ನಕ್ಷತ್ರಗಳ ಗುಂಪು ತಿರುಗೋ ವೇಗ ನೋಡಿದ್ರೆ, ಕಣ್ಣಿಗೆ ಕಾಣೋ ತೂಕ ಅವನ್ನ ಹಿಡಿದಿಡೋಕೆ ಸಾಲದು. ಕಾಣೋದರ ಐದು ಪಟ್ಟು ಕಾಣದ್ದಿದೆ. ಅದು ನಮ್ಮ ನಡುವೇನೇ ಇರುತ್ತೆ, ನಮಗೆ ಗೊತ್ತಾಗಲ್ಲ ಅಷ್ಟೆ.”

ಬಾಗಿಲ ಬಳಿ ನಿಂತಿದ್ದ ಪ್ರಿನ್ಸಿಪಾಲರು ತಲೆದೂಗಿದರು. “ಭೇಷ್ ಮೇಷ್ಟ್ರೇ, ಈಗ ಅರ್ಥ ಆಯ್ತು. ಆದ್ರೂ ಒಬ್ರು ಇಳೀಬೇಕಲ್ಲ.”

ಐದು ಜನ ಕಾಯಂ ನೌಕರರು ಹಂಗಾಮಿಯತ್ತ ನೋಡಿದರು. ಮೇಷ್ಟ್ರು ಸಂತೋಷದಿಂದಲೇ ಇಳಿದರು. ಕೂಗು ನಿಂತು ಲಿಫ್ಟು ಮೇಲೇರಿತು. ಮೆಟ್ಟಿಲು ಹತ್ತುವಾಗ ಹೆಗಲು ಹೂವಿನಷ್ಟು ಹಗುರವೆನಿಸಿತು. ಭೇಷ್ ಎಂಬ ಮಾತಿನ ಮಹಿಮೆ ಎಂದುಕೊಂಡರು.

ಸಭಾಂಗಣದ ಮೇಜಿನ ಮೇಲೆ ಅವರ ಚೀಲವಿತ್ತು. ಲಿಫ್ಟಿನಲ್ಲಿ ಸಿಕ್ಕಿದ್ದು ಯಾರದೆಂದು ತಿಳಿಯಲು ಪ್ರಿನ್ಸಿಪಾಲರೇ ಬಿಚ್ಚಿದ್ದರು. ಪಕ್ಕದಲ್ಲಿ ಅದರೊಳಗಿಂದ ತೆಗೆದ ತುಕ್ಕು ಹಿಡಿದ ನೀರಿನ ಮೋಟರು ಕೂತಿತ್ತು. ಅದರ ಜೊತೆ ಸಿಕ್ಕ ಚೀಟಿಯನ್ನು ಅವರು ಗಟ್ಟಿಯಾಗಿ ಓದುತ್ತಿದ್ದರು.

“ರೀ, ಮೋಟರು ದಾರೀಲಿ ರಿಪೇರಿಗೆ ಕೊಡಿ. ಬಾಯಲ್ಲಿ ಹೇಳಿದ್ದು ನಿಮಗೆ ಕೇಳಿಸಿರಲ್ಲ ಅಂತ ಬರೆದಿಟ್ಟಿದ್ದೀನಿ.”

ಸಭೆ ಹೊಟ್ಟೆ ಹಿಡಿದುಕೊಂಡು ನಕ್ಕಿತು. ಮೇಷ್ಟ್ರಿಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

“ಲಿಫ್ಟಿನ ಪಾಠ ಚೆನ್ನಾಗಿತ್ತು ಮೇಷ್ಟ್ರೇ,” ಎಂದರು ಪ್ರಿನ್ಸಿಪಾಲರು. “ಆದ್ರೆ ಆಕಾಶದಲ್ಲಿ ಕಾಣದ್ದನ್ನ ಹುಡುಕೋರಿಗೆ ಹೆಗಲ ಮೇಲಿರೋದಾದ್ರೂ ಕಾಣ್ಬೇಕು. ಕಾಯಂ ವಿಷಯ ಮುಂದಿನ ವರ್ಷ ನೋಡೋಣ.”

ಸಂಜೆ ಅದೇ ಆರು ಜನ ಲಿಫ್ಟಿನಲ್ಲಿ ನಿಂತರು. ಅದು ಕೀಂ ಎಂದಿತು. ಈ ಸಲ ಯಾರೂ ಯಾರ ಹೊಟ್ಟೆಯನ್ನೂ ನೋಡಲಿಲ್ಲ. ಮೇಷ್ಟ್ರು ತೆಪ್ಪಗೆ ಮೋಟರನ್ನು ಹೆಗಲಿಗೇರಿಸಿಕೊಂಡು ಎಂಟು ಮಹಡಿಯ ಮೆಟ್ಟಿಲು ಇಳಿಯತೊಡಗಿದರು.