ಚಿಕ್ಕಪ್ಪನ ಪ್ರಶ್ನೆಗಳೂ ನನ್ನ ಮದುವೆಯೂ

ನಮ್ಮ ಚಿಕ್ಕಪ್ಪನ ಎದುರಿಗೆ ಕಥೆ ಹೇಳುವ ಧೈರ್ಯ ಇಡೀ ಮುಳಬಾಗಿಲಿನಲ್ಲಿ ಒಬ್ಬರಿಗೂ ಇರಲಿಲ್ಲ. ಇದು ಉತ್ಪ್ರೇಕ್ಷೆ ಎನ್ನುತ್ತೀರಾ? ಉತ್ಪ್ರೇಕ್ಷೆಯೇ ಇರಲಿ. ಆದರೆ ಹೇಳಿದವರ ಪಾಡನ್ನು ನಾನು ಕಣ್ಣಾರೆ ಕಂಡಿದ್ದೇನಲ್ಲ! ಪಾಪ, ಯಾರೋ ಬಂದು ನಮ್ಮ ಜಗಲಿಯ ಮೇಲೆ ಕೂತು, "ನಿನ್ನೆ ಸಂತೇಲಿ ನನ್ನ ಹೊಸಾ ಚಪ್ಪಲಿ ಕಳೆದೋಯ್ತು ಮೇಷ್ಟ್ರೇ" ಎಂದು ಗೋಳಾಡುವರು. ಚಿಕ್ಕಪ್ಪ ಕನ್ನಡಕವನ್ನು ಮೂಗಿನ ಮೇಲಕ್ಕೆ ತಳ್ಳಿಕೊಂಡು, "ಸ್ಥಳ ಸಂತೆ. ಕಾಲ ನಿನ್ನೆ. ಪಾತ್ರಗಳು ಯಾರ್ಯಾರು? ನೀವೊಬ್ರು, ಚಪ್ಪಲಿ ಒಂದು. ಅಷ್ಟಕ್ಕೇ ಕಥೆ ಆಗೋದಿಲ್ಲವಲ್ಲ?" ಎಂದು ಶುರು ಹಚ್ಚಿಕೊಳ್ಳುವರು. ಬಂದವರು ಚಪ್ಪಲಿಯ ಆಸೆಯ ಜೊತೆಗೆ ನಮ್ಮ ಮನೆಯ ಕಾಫಿಯ ಆಸೆಯನ್ನೂ ಬಿಟ್ಟು, ಬರಿಗಾಲಲ್ಲಿ ಎದ್ದು ಹೋಗುತ್ತಿದ್ದರು.

ಚಪ್ಪಲಿ ಕಳೆದುಕೊಂಡವರ ಮಾತು ಹಾಗಿರಲಿ. ಈ ಪ್ರಶ್ನೆಗಳಿಂದ ಎಲ್ಲರಿಗಿಂತ ಹೆಚ್ಚು ಪೆಟ್ಟು ತಿಂದವಳು ನಾನು. ಅಪ್ಪ ಅಮ್ಮ ಇಬ್ಬರೂ ನಾನು ಅಂಬೆಗಾಲಿಡುವಾಗಲೇ ತೀರಿಕೊಂಡಿದ್ದರಿಂದ, ಮಕ್ಕಳಿಲ್ಲದ ಚಿಕ್ಕಪ್ಪ ಚಿಕ್ಕಮ್ಮನೇ ನನ್ನನ್ನು ಸಾಕಿದರು. ನಾನು ಮದುವೆಯ ವಯಸ್ಸಿಗೆ ಬಂದೆ, ಗಂಡುಗಳೂ ಬಂದರು, ಬಂದ ವೇಗದಲ್ಲೇ ಹಿಂದಿರುಗಿದರು. ಚಿಕ್ಕಪ್ಪ ಬಾಯಿ ಮುಚ್ಚಿಕೊಂಡಿರದ ಹೊರತು ಈ ಹುಡುಗಿಗೆ ಕಂಕಣಬಲ ಕೂಡಿಬರುವುದಿಲ್ಲ ಎಂದು ಚಿಕ್ಕಮ್ಮ ಅತ್ತುಕೊಂಡೇ ಹೇಳುತ್ತಿದ್ದರು.

ಈ ಕಾಯಿಲೆ ಅವರಿಗೆ ಹುಟ್ಟಿನಿಂದ ಬಂದದ್ದಲ್ಲ, ಶಾಲೆಯಲ್ಲಿ ಅಂಟಿಕೊಂಡದ್ದು. ಬೈರಕೂರಿನಿಂದಾಚೆ, ಇನ್ನು ಸ್ವಲ್ಪ ನಡೆದರೆ ಮದರಾಸು ಸೀಮೆಯೇ ಬಂತು ಎನ್ನುವಂಥ ಹಳ್ಳಿಯಲ್ಲಿ ಅವರಿಗೆ ಮೇಷ್ಟ್ರ ಕೆಲಸ. ಅಲ್ಲಿನ ಮಕ್ಕಳು ಮನೆಯಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಓದುವುದು ಕನ್ನಡ. ಅದೆಂಥ ಓದು! ಪುರೋಹಿತರು ಮಂತ್ರ ಹೇಳಿದಂತೆ, ಎಲ್ಲೂ ತಡೆಯದೆ ಗಡಗಡನೆ ಓದಿ ಮುಗಿಸುತ್ತಿದ್ದರಂತೆ. ಹಿಂದಿದ್ದ ಮೇಷ್ಟ್ರು ಈ ಓದನ್ನು ಇನ್ಸ್‌ಪೆಕ್ಟರಿಗೆ ಕೇಳಿಸಿಯೇ ಒಳ್ಳೆಯ ಊರಿಗೆ ವರ್ಗ ಮಾಡಿಸಿಕೊಂಡಿದ್ದರು. ಚಿಕ್ಕಪ್ಪ ಮೊದಲ ದಿನ "ರೈತನು ಎತ್ತಿಗೆ ಹುಲ್ಲನ್ನು ಹಾಕಿದನು" ಎಂಬ ಸಾಲನ್ನು ಓದಿಸಿ, ಸುಮ್ಮನೆ ಮಾತಿಗೆಂದು, "ಹುಲ್ಲು ತಿಂದದ್ದು ಯಾರ್ರಪ್ಪಾ?" ಎಂದು ಕೇಳಿದರು.

"ರೈತನು ಸಾರ್!" ಎಂದಿತು ಇಡೀ ತರಗತಿ, ಒಂದೇ ಕೊರಳಿನಲ್ಲಿ.

ಬೇರೆ ಯಾರಾದರೂ ಆಗಿದ್ದರೆ ಬೆತ್ತ ಎತ್ತಿಕೊಳ್ಳುತ್ತಿದ್ದರು. ಚಿಕ್ಕಪ್ಪ ಅದನ್ನೇ ತೆಲುಗಿನಲ್ಲಿ, "ಗಡ್ಡಿ ತಿನ್ನದಿ ಎವುರ್ರಾ?" ಎಂದು ಕೇಳಿ ನೋಡಿದರು. ಮಕ್ಕಳು ಬಿದ್ದು ಬಿದ್ದು ನಕ್ಕವು. ಹುಲ್ಲು ತಿನ್ನುವುದು ಎತ್ತು, ಅಷ್ಟೂ ಗೊತ್ತಿಲ್ಲದ ಈ ಮೇಷ್ಟ್ರು ನಮಗೇನು ಕಲಿಸುತ್ತಾರೆ ಎಂದು! ಮನೆಯ ಮಾತಿನಲ್ಲಿ ಅಷ್ಟು ಚುರುಕಾಗಿದ್ದ ಮಕ್ಕಳು ಪುಸ್ತಕದೊಳಕ್ಕೆ ಹೊಕ್ಕ ಕೂಡಲೇ ರೈತನ ಕೈಯಲ್ಲಿ ಹುಲ್ಲು ತಿನ್ನಿಸುತ್ತಿದ್ದವು. ಅಂದಿನಿಂದ ಚಿಕ್ಕಪ್ಪ ಯಾವ ಸಾಲನ್ನೂ ಪ್ರಶ್ನೆ ಕೇಳದೆ ಮುಂದಕ್ಕೆ ಬಿಡಲಿಲ್ಲ. ಯಾರು, ಎಲ್ಲಿ, ಯಾವಾಗ, ಯಾಕೆ, ಆಮೇಲೆ ಏನಾಯಿತು, ಹಾಗಾಗದಿದ್ದರೆ ಏನಾಗುತ್ತಿತ್ತು. ಶಾಲೆಯಲ್ಲಿ ಇದರಿಂದ ಮಕ್ಕಳಿಗೆ ಬಹಳ ಉಪಕಾರವಾಯಿತಂತೆ. ಮನೆಯಲ್ಲಿ ನಮಗಾದದ್ದೇ ಬೇರೆ.

ಚಿಕ್ಕಮ್ಮ ಬಾವಿಕಟ್ಟೆಯಿಂದ ಬಂದು, "ಇವತ್ತು ಎದುರು ಮನೆಯೋಳಿಗೂ ಪಕ್ಕದ ಮನೆಯೋಳಿಗೂ ಏನು ಜಗಳಾಂತೀರಿ!" ಎಂದು ಆಸೆಯಿಂದ ಶುರು ಮಾಡಿದರೆ, "ತಾಳು ತಾಳು. ಕಥೇಲಿ ಮುಖ್ಯ ಪಾತ್ರ ಯಾರು? ಎದುರು ಮನೆಯೋಳೋ, ಪಕ್ಕದ ಮನೆಯೋಳೋ?" ಎಂದು ಇವರು ಅಡ್ಡ ಹಾಕುವರು. ಜಗಳದ ಸುದ್ದಿಯನ್ನು ಹಾಗೆ ಹಂಚಿಕೊಂಡರೆ ಅದರಲ್ಲಿ ಏನು ರುಚಿ ಉಳಿಯುತ್ತದೆ ಹೇಳಿ? ಕೊನೆಕೊನೆಗೆ ಚಿಕ್ಕಮ್ಮನೂ ಪಳಗಿಬಿಟ್ಟರು. ಕೊಡ ಇಳಿಸುತ್ತಲೇ, "ಸ್ಥಳ ಬಾವಿಕಟ್ಟೆ. ಪಾತ್ರ ಇಬ್ರು. ಕಾರಣ ಹಗ್ಗ. ಪರಿಣಾಮ ಒಂದು ಬಿಂದಿಗೆ ಸೊಟ್ಟ. ಎಲೆ ಹಾಕಿದ್ದೀನಿ, ಊಟಕ್ಕೆ ಏಳಿ" ಎಂದು ಒಂದೇ ಉಸಿರಿನಲ್ಲಿ ಮುಗಿಸುತ್ತಿದ್ದರು.

ಕೋಲಾರದಲ್ಲಿ ಒಂದು ಸಂಜೆ ಹರಿಕಥೆಗೆ ಹೋಗಿದ್ದೆವು. ದಾಸರು ಒಳ್ಳೆಯ ಆವೇಶದಲ್ಲಿದ್ದರು. ರಾಕ್ಷಸನ ಪಾತ್ರ ಮೈಮೇಲೆ ಬಂದು, "ನಾನು ಈಗಲೇ ನಿನ್ನನ್ನು ನುಂಗಿಬಿಡುತ್ತೇನೆ!" ಎಂದು ಅಬ್ಬರಿಸಿದರು. ಮುಂದೆ ಕೂತಿದ್ದ ಮಕ್ಕಳು ಅಮ್ಮಂದಿರ ಸೆರಗಿನೊಳಗೆ ಸೇರಿಕೊಂಡವು. ಆಗ ನಮ್ಮ ಚಿಕ್ಕಪ್ಪ ಎದ್ದು ನಿಂತರು ನೋಡಿ! ನಾನೂ ಚಿಕ್ಕಮ್ಮನೂ ಕೂತಲ್ಲೇ ಕುಗ್ಗಿಹೋದೆವು.

"ಸ್ವಾಮೀ, ಒಂದು ಸಣ್ಣ ಪ್ರಶ್ನೆ. ಇಲ್ಲಿ 'ನಾನು' ಅಂದ್ರೆ ಯಾರು? ಕಥೆ ಹೇಳ್ತಾ ಇರೋ ನೀವೋ, ರಾಕ್ಷಸನೋ?"

ದಾಸರು ಚಿಟಿಕೆ ನಿಲ್ಲಿಸಿ, ಇವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ಇದುವರೆಗೂ ರಾಕ್ಷಸ ಸ್ವಾಮಿ. ಇನ್ನೊಂದ್ಸಲ ಎದ್ದು ನಿಂತ್ರೆ ನಾನೇ!"

ಜನ ನಕ್ಕ ನಗೆಗೆ ಪಿಟೀಲಿನವನು ಶ್ರುತಿ ತಪ್ಪಿದ. ಚಿಕ್ಕಪ್ಪನಿಗೆ ಮಾತ್ರ ಅವಮಾನವೇ ಆಗಲಿಲ್ಲ. "ಒಳ್ಳೇ ಉತ್ತರ ಕೊಟ್ಟ ಕಣೇ" ಎಂದು ದಾರಿಯುದ್ದಕ್ಕೂ ದಾಸರನ್ನು ಹೊಗಳಿದರು.

ಇಂಥವರು ಇರುವ ಮನೆಗೆ ಹೆಣ್ಣು ನೋಡುವವರು ಬಂದರೆ ಏನಾಗಬೇಕು? ಮೊದಲು ಬಂದವರು ಶ್ರೀನಿವಾಸಪುರದ ಮಾವಿನ ತೋಟದವರು. ಹುಡುಗನ ಸೋದರಮಾವ, "ನಮ್ಮ ಹುಡುಗ ಅಪರಂಜಿ. ಒಂದು ಚಟ ಇಲ್ಲ" ಎಂದರು. "ಸಂತೋಷ. ಆದ್ರೆ ಇದು ಬರೀ ಹೇಳಿಕೆ ಆಯ್ತಲ್ಲ, ಇದಕ್ಕೆ ಆಧಾರ ಎಲ್ಲಿದೆ?" ಎಂದರು ಚಿಕ್ಕಪ್ಪ. ತೋಟದವರು ತಟ್ಟೆಯಲ್ಲಿ ಉಪ್ಪಿಟ್ಟು ಹಾಗೇ ಬಿಟ್ಟು ಎದ್ದರು. ಆಮೇಲೆ ಮಾಲೂರಿನವರು ಬಂದರು. ಚಿಕ್ಕಪ್ಪ ಹುಡುಗನ ಕಡೆ ತಿರುಗಿ, "ಇಲ್ಲಿವರೆಗಿನ ನಿಮ್ಮ ಜೀವನದ ಸಾರಾಂಶ ಹೇಳಿ ನೋಡೋಣ" ಎಂದರು. ಹುಡುಗ ಗಾಬರಿಯಾಗಿ ಅಪ್ಪನ ಮುಖ ನೋಡಿದ. ಅಪ್ಪ, "ಅವನು ಚಿಕ್ಕಂದಿನಿಂದ್ಲೂ..." ಎಂದು ಬಾಯಿ ತೆಗೆದರು. "ಸ್ವಂತ ಮಾತಿನಲ್ಲಿ ಹೇಳ್ಬೇಕು!" ಎಂದು ಚಿಕ್ಕಪ್ಪ ಬೆರಳೆತ್ತಿದರು. ಮಾಲೂರೂ ಕೈಬಿಟ್ಟಿತು.

ಯುದ್ಧದ ಕಾಲ. ಸಕ್ಕರೆಗೆ ರೇಷನ್ನು, ಒಳ್ಳೆಯ ರವೆ ಕಣ್ಣಿಗೆ ಬೀಳುವುದೇ ಅಪರೂಪ. ಚಿಕ್ಕಮ್ಮ ಅಲ್ಲಿ ಇಲ್ಲಿ ಬೇಡಿ ತಂದ ರವೆಯನ್ನೆಲ್ಲ ಹೀಗೆ ಕಂಡವರಿಗೆ ಬಡಿಸಿ ಬಡಿಸಿ ಸಾಕಾಗಿದ್ದರು. ಕೋಲಾರದಿಂದ ಮತ್ತೊಂದು ಗಂಡು ಬರುತ್ತದೆ ಎಂದಾಗ ಅವರು ಸೌಟು ಹಿಡಿದೇ ಬಂದು ನಿಂತರು.

"ಈ ಸಲ ನೀವು ಬಾಯಿ ತೆಗೆದ್ರೆ ನಾನು ತೌರಿಗೆ ಹೊರಟು ಹೋಗ್ತೀನಿ. ತಿರುಗಿ ಬರೋದಿಲ್ಲ."

"ಕಾರಣ?" ಎಂದರು ಚಿಕ್ಕಪ್ಪ, ಅಭ್ಯಾಸಬಲದಿಂದ. ಸೌಟು ಮೇಲೆದ್ದಿತು. "ಆಗ್ಲಿ ಮಾರಾಯ್ತಿ, ನಿನ್ನಾಣೆ, ತುಟಿ ಬಿಚ್ಚೋದಿಲ್ಲ" ಎಂದು ಭಾಷೆ ಕೊಟ್ಟರು.

ಕೋಲಾರದವರು ಬಂದಾಗ ಸಂಜೆ ಇಳಿದಿತ್ತು. ಪೆಟ್ರೋಲಿಗೆ ಬದಲು ಇದ್ದಿಲಿನ ಹೊಗೆಯಿಂದ ಓಡುತ್ತಿದ್ದ ಆಗಿನ ಬಸ್ಸುಗಳ ಕಥೆ ನಿಮಗೆ ಗೊತ್ತೇ ಇದೆ, ಇಳಿದು ತಳ್ಳದೆ ಊರು ಸೇರುತ್ತಿರಲಿಲ್ಲ. ಗಂಡಿನ ತಂದೆ ಕೈಗೆ ಹತ್ತಿದ ಮಸಿ ಒರೆಸಿಕೊಳ್ಳುತ್ತ, "ದೇವರಾಯಸಮುದ್ರದ ಹತ್ರ ನಿಂತೇಬಿಡ್ತು ನೋಡಿ. ಯಾಕೆ ನಿಂತಿತೋ ದೇವರಿಗೇ ಗೊತ್ತು!" ಎಂದರು. ಕಾರಣ ಗೊತ್ತಿಲ್ಲದ ಪರಿಣಾಮ! ಚಿಕ್ಕಪ್ಪ ಅದನ್ನು ಹೇಗೆ ನುಂಗಿಕೊಂಡರೋ! ವೀಳ್ಯದೆಲೆಯನ್ನು ಬಾಯಿಗೆ ತುರುಕಿಕೊಂಡು, ಅಡಿಗೆಮನೆ ಬಾಗಿಲಿನಲ್ಲಿ ನಿಂತ ಚಿಕ್ಕಮ್ಮನನ್ನೇ ನೋಡುತ್ತ ಕೂತರು.

ಹುಡುಗಿಗೆ ಓದು ಬರುತ್ತದೆಯೋ ನೋಡಬೇಕೆಂದರು. ಚಿಕ್ಕಪ್ಪನ ಶಾಲೆಯ ವಾಚಕವೊಂದು ಗೂಡಿನಲ್ಲಿತ್ತು. ಗಂಡಿನ ತಂದೆ ಅದನ್ನು ತೆಗೆದುಕೊಂಡು ಕೈಗೆ ಬಂದ ಪುಟ ಬಿಚ್ಚಿಕೊಟ್ಟರು. ಬಡ ರೈತನೊಬ್ಬ ಪಕ್ಕದೂರಿನಿಂದ ಒಂದು ಹೆಣ್ಣುಗರುವನ್ನು ಕೊಂಡು ತರುತ್ತಾನೆ, ಮುತುವರ್ಜಿಯಿಂದ ಸಾಕುತ್ತಾನೆ, ಅದು ದೊಡ್ಡದಾಗಿ ಹಾಲು ಕೊಟ್ಟು ಮನೆ ಉದ್ಧಾರವಾಗುತ್ತದೆ. ದುಡಿಮೆಯ ಮೇಲಿನ ಪಾಠ. ಎಲ್ಲೂ ತಡವರಿಸದೆ ಓದಿದೆ.

"ಭೇಷ್! ಅಕ್ಷರ ಬರುತ್ತೆ. ಸಾಕಮ್ಮ, ಒಳಗೆ ಹೋಗು" ಎಂದರು ಗಂಡಿನ ತಂದೆ.

ಸಾಕೇ? ಒಂದು ಇಡೀ ಪಾಠ ಓದಿ ಒಂದೇ ಒಂದು ಪ್ರಶ್ನೆ ಇಲ್ಲದೆ ಪುಸ್ತಕ ಮುಚ್ಚುವುದೇ? ಅಂಥ ಅನ್ಯಾಯ ನಮ್ಮ ಮನೆಯಲ್ಲಿ ಹಿಂದೆಂದೂ ನಡೆದಿರಲಿಲ್ಲ. ಚಿಕ್ಕಪ್ಪ ಬಿಸಿ ಉಪ್ಪಿಟ್ಟು ಗಂಟಲಿಗೆ ಸಿಕ್ಕಿಕೊಂಡವರಂತೆ ಒದ್ದಾಡುತ್ತಿದ್ದರು. ಅದನ್ನು ಗಂಡು ನೋಡಿದ.

"ಮೇಷ್ಟ್ರೇ, ನೀವೇನೋ ಕೇಳ್ಬೇಕು ಅಂತಿದ್ದೀರಿ."

ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿ, ಕಣ್ಣಲ್ಲೇ ಅಡಿಗೆಮನೆಯ ಬಾಗಿಲನ್ನು ತೋರಿಸಿದರು. ಗಂಡಿಗೆ ನಗು ತಡೆಯಲಾಗಲಿಲ್ಲ. "ಹಾಗಾದ್ರೆ ನಾನೇ ಕೇಳ್ತೀನಿ" ಎಂದು ನನ್ನ ಕಡೆ ತಿರುಗಿ, "ಪಾಠ ಓದಿದ್ದಾಯ್ತಲ್ಲ, ಏನನ್ನಿಸ್ತು?" ಎಂದ.

ಮದುವೆಗಂಡು ಎಲ್ಲರೆದುರಿಗೆ ಹುಡುಗಿಯನ್ನು ಮಾತಾಡಿಸುವುದೆಂದರೇನು! ನಾನು ತಲೆ ತಗ್ಗಿಸಿ ಸುಮ್ಮನಿದ್ದರೆ ಮದುವೆ ಅಲ್ಲೇ ಗಟ್ಟಿಯಾಗುತ್ತಿತ್ತು. ಆದರೆ ಪ್ರಶ್ನೆ ಕೇಳಿದರೆ ಉತ್ತರ ಹೇಳದಿರುವುದು ನಾನು ಬೆಳೆದ ಮನೆಯಲ್ಲಿ ಅಭ್ಯಾಸವಿರಲಿಲ್ಲ. ಬಾಯಿಂದ ಬಂದೇಬಿಟ್ಟಿತು.

"ಕರು ಹೋಗಿ ಸೇರಿದ ಮನೆ ಉದ್ಧಾರ ಆಯ್ತು, ಸರಿ. ಆದ್ರೆ ಮಾರಿದವರ ಮನೇಲಿ ಅದರ ತಾಯಿ ಇತ್ತಲ್ಲ. ಅದು ಏನಾಯ್ತು ಅಂತ ಪಾಠದಲ್ಲಿ ಎಲ್ಲೂ ಹೇಳಿಲ್ಲ."

ಗಂಡಿನ ತಂದೆಯ ಮುಖ ಗಂಟಿಕ್ಕಿತು. "ಪಾಠ ಇರೋದು ದುಡಿಮೆ ಮೇಲೆ, ಹಸು ಮೇಲಲ್ಲ. ಹುಡುಗಿಗೆ ಮಾತು ಸ್ವಲ್ಪ ಹೆಚ್ಚೇ ಅನ್ನಿಸುತ್ತೆ." ಈ ರವೆಯೂ ನೀರುಪಾಲಾಯಿತು ಎಂದುಕೊಂಡು ಚಿಕ್ಕಮ್ಮ ಬಾಗಿಲಲ್ಲೇ ಕೂತುಬಿಟ್ಟರು.

ಆಗ ಅದುವರೆಗೂ ಒಂದು ಮಾತೂ ಆಡದಿದ್ದ ಗಂಡಿನ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡರು. "ಮಾತೇನೂ ಹೆಚ್ಚಾಗಿಲ್ಲ ಬಿಡಿ. ಹೋದ ವರ್ಷ ಮಗಳನ್ನ ಗಂಡನ ಮನೆಗೆ ಕಳಿಸಿಕೊಟ್ಟೆ. ನೀನು ಹೇಗಿದ್ದೀಯಾಂತ ನನ್ನನ್ನ ಯಾರು ಕೇಳಿದ್ರಿ? ನನಗೆ ಈ ಹುಡುಗೀನೇ ಬೇಕು" ಎಂದರು. ಗಂಡಿನ ತಂದೆ ಕೆಮ್ಮಿದರು, ಅಷ್ಟೆ. ಚಿಕ್ಕಮ್ಮ ಕುಂಕುಮದ ಬಟ್ಟಲು ಹುಡುಕುತ್ತ ಒಳಕ್ಕೂ ಹೊರಕ್ಕೂ ಓಡಾಡಿದರು. ಚಿಕ್ಕಪ್ಪ ಕೂತಿದ್ದ ಜಾಗ ಖಾಲಿಯಾಗಿತ್ತು.

ಹುಡುಕಿಕೊಂಡು ಹೋದರೆ, ಹಿತ್ತಿಲಲ್ಲಿ ನುಗ್ಗೆಮರದ ಕೆಳಗೆ ನಿಂತು ಪಂಚೆಯ ತುದಿಯಿಂದ ಕನ್ನಡಕ ಒರೆಸುತ್ತಿದ್ದರು. ನಾನು ಕೀಟಲೆಗೆಂದು, "ಕೊನೆಗೂ ಪ್ರಶ್ನೆ ಕೇಳೋ ಗಂಡು ಸಿಕ್ತಲ್ಲ ಚಿಕ್ಕಪ್ಪ!" ಎಂದೆ. ಅವರು ನಗಲಿಲ್ಲ.

"ಆ ಪಾಠಾನ ವರ್ಷಾವರ್ಷಾ ಮಾಡ್ತೀನಿ. ಒಂದು ಸಾಲು ಬಿಡದೆ ಪ್ರಶ್ನೆ ಕೇಳಿದ್ದೀನಿ. ಆ ಹಸು ಕಡೆ ಮಾತ್ರ ತಿರುಗಿ ನೋಡಿರ್ಲಿಲ್ಲ ಕಣಮ್ಮ" ಎಂದರು.

ಶ್ರೀನಿವಾಸಪುರದವರನ್ನೂ ಮಾಲೂರಿನವರನ್ನೂ ಅವರು ಓಡಿಸಿದ್ದು ಯಾಕೆಂದು ನನಗೆ ಆಗ ತಿಳಿಯಿತು. ನನ್ನನ್ನು ಕಳಿಸಿಕೊಡಲು ಅವರಿಗೆ ಮನಸ್ಸೇ ಇರಲಿಲ್ಲ. "ಆ ಹಸು ಏನು ಮಾಡಿರುತ್ತೆ ಚಿಕ್ಕಪ್ಪ?" ಎಂದು ಕೇಳಿದೆ.

"ಮೇವು ಮುಟ್ಟಿರೋದಿಲ್ಲ."

"ಆಮೇಲೆ?"

"ಆಮೇಲೆ... ಆ ಕಡೆಯಿಂದ ಯಾರಾದ್ರೂ ಬಂದೋರು, ಕರು ಚೆನ್ನಾಗಿದೆ ಅಂತ ಒಂದು ಮಾತು ಹೇಳಿದ್ರೆ, ಒಂದಿಷ್ಟು ತಿನ್ನುತ್ತೆ." ಕನ್ನಡಕ ಹಾಕಿಕೊಂಡರು, ಅದು ಮತ್ತೆ ಮಸುಕಾಯಿತು. "ಕೋಲಾರದಿಂದ ಬಸ್ಸು ಬರ್ತಾನೇ ಇರುತ್ತೆ. ಯಾರಾದ್ರೂ ಈ ಕಡೆ ಬರೋರ ಹತ್ರ ಹೇಳಿ ಕಳಿಸ್ತೀಯೇನಮ್ಮ?"

ಉತ್ತರವನ್ನು ಮೊದಲೇ ತಿಳಿದುಕೊಂಡು ಪ್ರಶ್ನೆ ಕೇಳುವುದು ಮೇಷ್ಟ್ರುಗಳ ಪದ್ಧತಿ. ಚಿಕ್ಕಪ್ಪ ಉತ್ತರ ಗೊತ್ತಿಲ್ಲದೆ ನನ್ನನ್ನು ಕೇಳಿದ ಪ್ರಶ್ನೆ ಅದೊಂದೇ.